ಇಂಗ್ಲೆಂಡಿನ ಒಂದು ಹಳ್ಳಿ: ಲ್ಯಾಕ್ಸ್‌ಟನ್

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಹೋದ ವಾರ ಕಾರ್ಯದರ್ಶಿಗಳು ಮನೆಗೆ ಬಂದು, "ಮೇಷ್ಟ್ರೇ, ನೀವು ಮಗಳ ಮನೆಗೆ ಅಂತ ಇಂಗ್ಲೆಂಡಿಗೆ ಹೋಗಿ ಬಂದವರು. ಅಲ್ಲಿನದೇನಾದರೂ ಹೇಳಿ" ಎಂದರು. ಲಂಡನ್ ಬಗ್ಗೆ ಹೇಳಲಾ ಅಂದೆ. "ಲಂಡನ್ನು ಟೀವಿಯಲ್ಲಿ ಎಲ್ಲರೂ ನೋಡಿದಾರೆ. ಅಲ್ಲೂ ಹಳ್ಳಿ ಅಂತ ಇದ್ದರೆ ಅದನ್ನು ಹೇಳಿ" ಎಂದರು. ಇದೆ ಸ್ವಾಮಿ, ಹಳ್ಳಿ ಇದೆ. ಅಂಥ ಒಂದು ಹಳ್ಳಿಯ ಕಥೆಯನ್ನೇ ಈ ದಿನ ತಮ್ಮ ಮುಂದಿಡುತ್ತೇನೆ.

ಊರಿನ ಹೆಸರು ಲ್ಯಾಕ್ಸ್‌ಟನ್. ಇಂಗ್ಲೆಂಡಿನ ನಡುಭಾಗದ ನಾಟಿಂಗ್‌ಹ್ಯಾಮ್‌ಶೈರ್ ಜಿಲ್ಲೆಯಲ್ಲಿದೆ. ಕೆಲವೇ ನೂರು ಜನರ ಸಣ್ಣ ಊರು. ಒಂದು ಹಳೆಯ ದೊಡ್ಡ ಚರ್ಚು, ಅದರ ಉತ್ತರಕ್ಕೆ ನಾರ್ಮನ್ ದೊರೆಗಳ ಕಾಲದ ಕೋಟೆಯ ಮಣ್ಣುದಿಬ್ಬ, ಊರ ಮಧ್ಯೆ ಡವ್‌ಕೋಟ್ ಇನ್ ಎಂಬ ಹೋಟೆಲು. ನೆಲ ಜಿಗಟು ಜೇಡಿಮಣ್ಣು. ಮಳೆ ಬಂದರೆ ಬೂಟು ಬಿಟ್ಟು ಕಾಲು ಮಾತ್ರ ಮೇಲಕ್ಕೆ ಬರುತ್ತದೆ.

ಅಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಮನೆಗಳು. ಇಂಗ್ಲೆಂಡಿನ ಬಹುಪಾಲು ಕಡೆ ರೈತನ ಮನೆ ಅವನ ಜಮೀನಿನ ನಡುವೆ ಒಂಟಿಯಾಗಿರುತ್ತದೆ. ಲ್ಯಾಕ್ಸ್‌ಟನ್‌ನಲ್ಲಿ ಹಾಗಲ್ಲ. ಕೆಂಪು ಇಟ್ಟಿಗೆಯ ಮನೆ, ಹಿಂದೆ ಅಂಗಳ, ಕಣಜ, ದನದ ಕೊಟ್ಟಿಗೆ, ಎಲ್ಲವೂ ಊರಬೀದಿಯ ಇಕ್ಕೆಲದಲ್ಲೇ. ಹೊಲಗಳು ಊರಾಚೆ. ನಮ್ಮೂರಿನ ಹಾಗೇ ಇದೆಯಲ್ಲ ಅನಿಸಿತು. ಯಾಕೆ ಹೀಗೆ ಅಂತ ವಿಚಾರಿಸಿದಾಗಲೇ ಆ ಊರಿನ ದೊಡ್ಡ ಸಂಗತಿ ತಿಳಿದದ್ದು.

ಒಂದು ಕಾಲಕ್ಕೆ ಇಂಗ್ಲೆಂಡಿನ ನಡುನಾಡಿನ ಹಳ್ಳಿಗಳಲ್ಲಿ ಬೇಸಾಯ ನಡೆಯುತ್ತಿದ್ದ ರೀತಿ ಬೇರೆ. ಊರಿಗೆಲ್ಲ ಸೇರಿ ಎರಡೋ ಮೂರೋ ಬಹುದೊಡ್ಡ ಹೊಲ. ಅದರೊಳಗೆ ಉದ್ದುದ್ದ ಪಟ್ಟಿಗಳು. ಒಬ್ಬನಿಗೆ ಇಲ್ಲೊಂದು ಪಟ್ಟಿ, ಅಲ್ಲೊಂದು ಪಟ್ಟಿ. ಒಳ್ಳೆಯ ಮಣ್ಣು ಒಬ್ಬನಿಗೇ ಸೇರಬಾರದು, ಜವುಗು ಒಬ್ಬನ ತಲೆಗೇ ಬೀಳಬಾರದು ಎನ್ನುವ ಲೆಕ್ಕ. ಪಟ್ಟಿಗಳ ನಡುವೆ ಬೇಲಿ ಇಲ್ಲ. ಇದಕ್ಕೆ ತೆರೆದ ಹೊಲಗಳ ಪದ್ಧತಿ ಎನ್ನುತ್ತಾರೆ. ಹೊಲ ನಾಲ್ಕೂ ದಿಕ್ಕಿಗೆ ಹಂಚಿಹೋದ ಮೇಲೆ ಮನೆ ಊರ ಮಧ್ಯೆ ಇದ್ದರೇ ಅನುಕೂಲ, ಅಲ್ಲವೇ?

ಆಮೇಲೆ ಬೇಲಿ ಬಂತು. ಪಟ್ಟಿಗಳನ್ನೆಲ್ಲ ಒಟ್ಟುಮಾಡಿ, ಅವರವರ ಪಾಲನ್ನು ಒಂದೇ ಕಡೆ ಕೊಟ್ಟು, ಬೇಲಿ ಹಾಕಲು ಅಲ್ಲಿನ ಪಾರ್ಲಿಮೆಂಟು ಊರೂರಿಗೆ ಬೇರೆ ಬೇರೆ ಕಾಯಿದೆ ಮಾಡಿತು. 1604ರಿಂದ 1914ರವರೆಗೆ ಇಂಥ ಕಾಯಿದೆಗಳು 5,200ಕ್ಕೂ ಹೆಚ್ಚು. ಬೇಲಿಯೊಳಗೆ ಹೋದ ನೆಲ ಸುಮಾರು 68 ಲಕ್ಷ ಎಕರೆ. ಇಳುವರಿ ಹೆಚ್ಚಿತು ಎನ್ನುವುದೂ ನಿಜ. ಆದರೆ ಊರಿನ ಸಾಮಾನ್ಯ ಹುಲ್ಲುಗಾವಲಿನಲ್ಲಿ ಒಂದು ಹಸು, ನಾಲ್ಕು ಕುರಿ ಮೇಯಿಸಿಕೊಂಡಿದ್ದ ಬಡವನಿಗೆ ಆ ಹಕ್ಕು ಹೋಯಿತು. ಅನೇಕರು ಕೂಲಿಗೆ ನಿಂತರು, ಪಟ್ಟಣ ಸೇರಿದರು.

ಈ ಬೇಲಿ ಲ್ಯಾಕ್ಸ್‌ಟನ್ನಿನ ಎಲ್ಲ ಹೊಲಗಳನ್ನೂ ನುಂಗಲಿಲ್ಲ. ಪಶ್ಚಿಮದ ಹೊಲ, ದಕ್ಷಿಣದ ಹೊಲ, ಗಿರಣಿ ಹೊಲ ಎಂಬ ಮೂರು ದೊಡ್ಡ ಹೊಲ ಇವತ್ತಿಗೂ ಉಳಿದಿವೆ. ಒಂದರಲ್ಲಿ ಚಳಿಗಾಲಕ್ಕೆ ಮುಂಚೆ ಬಿತ್ತಿದ ಗೋಧಿ. ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತಿದ ಬೆಳೆ. ಮೂರನೆಯದು ಬೀಡು, ಇಲ್ಲವೇ ಮೇವು. ಮುಂದಿನ ವರ್ಷ ಸರದಿ ತಿರುಗುತ್ತದೆ. ಯಾರೊಬ್ಬನೂ ತನ್ನ ಪಟ್ಟಿಯಲ್ಲಿ ತನಗೆ ತೋಚಿದ್ದನ್ನು ಬೆಳೆಯುವ ಹಾಗಿಲ್ಲ. ಉಳಲು ಬಾರದ ತಗ್ಗು ಜಾಗಗಳನ್ನು ಹುಲ್ಲಿಗೆ ಬಿಟ್ಟಿದ್ದಾರೆ. ಸೈಕ್ ಅಂತ ಅದರ ಹೆಸರು. ಆ ಹುಲ್ಲನ್ನು ಹರಾಜು ಹಾಕುತ್ತಾರೆ. ಎಂದೂ ನೇಗಿಲು ಕಾಣದ ನೆಲವಾದ್ದರಿಂದ ಬೇರೆ ಕಡೆ ಕಾಣೆಯಾದ ಕಾಡುಹೂಗಳು ಅಲ್ಲಿ ಇನ್ನೂ ಅರಳುತ್ತವೆ.

1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರ ಈ ಊರಿನ ನಕ್ಷೆ ಬರೆದ. ಪಟ್ಟಿ ಪಟ್ಟಿಯನ್ನೂ ಅಳೆದು ಗುರುತಿಸಿದ್ದಾನೆ. ಉಳುವವರು, ಕೊಯ್ಯುವವರು ಕೂಡ ಅದರಲ್ಲಿ ಸಣ್ಣ ಚಿತ್ರಗಳಾಗಿ ಇದ್ದಾರೆ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಅದನ್ನು ಕಾಪಾಡಿ ಇಟ್ಟಿದ್ದಾರೆ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಸಣ್ಣ ಪಟ್ಟಿಗಳನ್ನು ಸೇರಿಸಿ ದೊಡ್ಡದು ಮಾಡಿದರು. ಈಗ ಟ್ರ್ಯಾಕ್ಟರ್ ಓಡುತ್ತದೆ. ಆದರೂ ಮೂರು ಹೊಲದ ಸರದಿ ತಪ್ಪಿಲ್ಲ.

ಬೇಲಿಯಿಲ್ಲದ ಹೊಲದಲ್ಲಿ ಪಕ್ಕದವನ ಪಟ್ಟಿಗೆ ನೇಗಿಲು ಹೋಗದಂತೆ ಕಾಯುವವರು ಯಾರು ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಈ ಪ್ರಶ್ನೆ ನನಗೆ ಬರಿಯ ಕುತೂಹಲದ್ದಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಅಲ್ಲಿನ ಏರ್ಪಾಡು ಹೀಗಿದೆ. ಊರಿಗೊಂದು ಹಳೆಯ ನ್ಯಾಯಸಭೆ ಇದೆ. ಕೋರ್ಟ್ ಲೀಟ್ ಎನ್ನುತ್ತಾರೆ. ಬಿತ್ತನೆ ಮುಗಿದ ಮೇಲೆ, ನವೆಂಬರ್ ಕೊನೆಯಲ್ಲಿ, ಆ ಸಭೆ ನೇಮಿಸಿದ ಪಂಚರು ಗೋಧಿ ಬಿತ್ತಿದ ಹೊಲಕ್ಕೆ ಹೋಗುತ್ತಾರೆ. ಅವರೂ ಆ ಊರಿನವರೇ, ನೆಲದ ಕೆಲಸ ಬಲ್ಲವರು. ಕೊರೆಯುವ ಚಳಿಯಲ್ಲಿ ಜೇಡಿಮಣ್ಣು ತುಳಿದುಕೊಂಡು ಪಟ್ಟಿ ಪಟ್ಟಿಯನ್ನೂ ನೋಡುತ್ತಾರೆ. ದಾರಿಯನ್ನು ಯಾರಾದರೂ ಉತ್ತಿದ್ದಾರೋ, ಹುಲ್ಲಿನ ಜಾಗಕ್ಕೆ ನೇಗಿಲು ನುಗ್ಗಿಸಿದ್ದಾರೋ, ಗಡಿ ದಾಟಿದ್ದಾರೋ ಅಂತ ಪರಿಶೀಲಿಸಿ, ಬೇಕಾದ ಕಡೆ ಗೂಟ ಹೊಡೆಯುತ್ತಾರೆ. ಆಮೇಲೆ ಡವ್‌ಕೋಟ್ ಇನ್‌ನಲ್ಲಿ ಕುಳಿತು ಊಟ ಮಾಡಿ, ತಪ್ಪು ಮಾಡಿದವರ ಪಟ್ಟಿ ಬರೆದು, ದಂಡ ಗೊತ್ತುಮಾಡುತ್ತಾರೆ. ಮುಂದಿನ ವಾರ ಸಭೆ. ಅಲ್ಲಿ ಎಲ್ಲರೆದುರು ಆ ಪಟ್ಟಿ ಬರುತ್ತದೆ. ಮುಂದಿನ ವರ್ಷಕ್ಕೆ ಹೊಸ ಪಂಚರು ಅಲ್ಲೇ ಪ್ರಮಾಣ ಮಾಡುತ್ತಾರೆ. ದಂಡ ಭಾರಿ ಮೊತ್ತವೇನೂ ಅಲ್ಲ. ಆದರೆ ಊರವರ ಮುಂದೆ ಹೆಸರು ಬರುತ್ತದಲ್ಲ, ಅದು ಸಾಕು. 1977ರಲ್ಲಿ ಇಂಗ್ಲೆಂಡಿನ ಸರ್ಕಾರ ಇಂಥ ಹಳೆಯ ನ್ಯಾಯಸಭೆಗಳ ಅಧಿಕಾರವನ್ನು ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್ನಿನ ಸಭೆಯನ್ನು ಮಾತ್ರ ಮುಟ್ಟದೆ ಬಿಟ್ಟಿತು.

ಆಮೇಲೆ ಹೇಳ್ತೀನಿ ಅಂದೆನಲ್ಲ, ಈಗ ಹೇಳ್ತೀನಿ. ನಮ್ಮ ತಂದೆಗೂ ನಮ್ಮ ದೊಡ್ಡಪ್ಪನಿಗೂ ಒಂದು ಬದುವಿನ ವಿಷಯಕ್ಕೆ ವ್ಯಾಜ್ಯ ಇದ್ದದ್ದು ಇಲ್ಲಿ ಕುಳಿತ ಹಿರಿಯರಿಗೆ ಗೊತ್ತು. ಹದಿನಾಲ್ಕು ವರ್ಷ ಕೋರ್ಟಿಗೆ ಅಲೆದರು. ಒತ್ತುವರಿ ಆಗಿದ್ದು ಎಷ್ಟು? ಬದುವಿನ ಉದ್ದಕ್ಕೂ ಒಂದು ಮೊಳ. ಆ ಒಂದು ಮೊಳ ಒಂದೇ ದಿನಕ್ಕೆ ಹೋದದ್ದಲ್ಲ. ಮೊದಲ ವರ್ಷ ನಾಲ್ಕು ಬೆರಳು. ಅಣ್ಣನಲ್ಲವೇ ಅಂತ ತಮ್ಮ ಸುಮ್ಮನಿದ್ದ. ಎರಡನೇ ವರ್ಷ ಇನ್ನು ನಾಲ್ಕು ಬೆರಳು. ಆಗ ಯಾರೂ ಹೋಗಿ ನೋಡಲಿಲ್ಲ. ಮೊಳ ಆದ ಮೇಲೆ ಎಲ್ಲರೂ ನೋಡಿದರು. ವಕೀಲರ ಫೀಸಿಗೆ ಎರಡೂ ಮನೆಯ ಎತ್ತು ಮಾರಿದವು. ದೊಡ್ಡಪ್ಪ ತೀರಿಕೊಂಡ ದಿನ ನಮ್ಮಪ್ಪ ಮಣ್ಣಿಗೆ ಹೋಗಲಿಲ್ಲ, ಜಗಲಿ ಮೇಲೆ ಕುಳಿತೇ ಇದ್ದರು. ಲ್ಯಾಕ್ಸ್‌ಟನ್ನಿನ ಆ ಹೊಲದ ಅಂಚಿನಲ್ಲಿ ನಿಂತಾಗ ನನಗೆ ಇಂಗ್ಲೆಂಡು ಕಾಣಲಿಲ್ಲ, ಆ ಜಗಲಿ ಕಂಡಿತು. ನಾಲ್ಕು ಬೆರಳಾಗಿದ್ದಾಗಲೇ ಊರಿನ ನಾಲ್ಕು ಜನ ಹೋಗಿ ಒಂದು ಗೂಟ ಹೊಡೆದಿದ್ದರೆ!

ಆ ಊರು ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ತೆರೆದ ಹೊಲ ಉಳುವವರು ಗೇಣಿದಾರರು. ನೆಲದ ಒಡೆತನ ಕೈ ಬದಲಾಗುತ್ತಾ ಬಂದಿದೆ. ಮ್ಯಾನ್ವರ್ಸ್ ಎಂಬ ಜಮೀನ್ದಾರರ ಮನೆತನದಿಂದ 1952ರಲ್ಲಿ ಅಲ್ಲಿನ ಕೃಷಿ ಮಂತ್ರಾಲಯ ಕೊಂಡಿತು, ಈ ಪದ್ಧತಿ ಅಳಿಯಬಾರದು ಅಂತ. 1981ರಲ್ಲಿ ಅದು ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಮತ್ತೆ ಮಾರಾಟವಾಗಿ, ಹಳೆಯ ಜಮೀನ್ದಾರರ ವಂಶದವರ ಥೋರ್ಸ್‌ಬಿ ಎಸ್ಟೇಟಿಗೇ ಮರಳಿತು. ಹಿಂದೆ ಇದ್ದಷ್ಟು ಒಕ್ಕಲು ಈಗ ಇಲ್ಲ. ಹೊಲ ಉಳಿಯಬೇಕಾದರೆ ಉಳುವವರು ಉಳಿಯಬೇಕು, ಪಂಚರಾಗಿ ಚಳಿಯಲ್ಲಿ ನಡೆಯುವವರು ಉಳಿಯಬೇಕು. ಕಾಗದ, ಕಾಯಿದೆ ಎಷ್ಟಿದ್ದರೂ ಕಾಲು ಹೊಲಕ್ಕೆ ಹೋಗದಿದ್ದರೆ ಏನೂ ನಡೆಯದು.

ಬಂಧುಗಳೇ, ಸಹಕಾರ ಚಳುವಳಿಯೂ ಆ ದೇಶದಲ್ಲಿ ಬೆಳೆದು ನಮ್ಮಲ್ಲಿಗೆ ಬಂದದ್ದು. 1844ರಲ್ಲಿ ರಾಚ್‌ಡೇಲ್ ಎಂಬ ಊರಿನಲ್ಲಿ 28 ಜನ, ಹೆಚ್ಚಿನವರು ನೇಕಾರರು ಮತ್ತು ಕೈಕಸುಬಿನವರು, ತಲೆಗೊಂದು ಪೌಂಡು ಹಾಕಿ ಅಂಗಡಿ ತೆರೆದರು. ಮೊದಲ ದಿನ ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ, ಇಂಥ ನಾಲ್ಕೈದು ಸಾಮಾನು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ಬಳ್ಳಿಯ ಒಂದು ಕುಡಿ ನಮ್ಮ ಈ ಸಂಘ.

ನಮ್ಮ ಸಂಘವೂ ಒಂದು ಬೇಲಿಯಿಲ್ಲದ ಹೊಲವೇ. ಇದರಲ್ಲಿ ಎಲ್ಲರ ಪಾಲೂ ಇದೆ. ಸಾಲದ ಕಂತು ಒಂದು ತಪ್ಪಿದರೆ ಅದು ನಾಲ್ಕು ಬೆರಳು. "ನಮ್ಮವನೇ ಅಲ್ಲವೇ" ಅಂತ ಸುಮ್ಮನಿದ್ದರೆ ಅದೇ ಮುಂದೆ ಮೊಳ ಆಗುತ್ತದೆ. ಗೊಬ್ಬರದ ಚೀಲದ ಲೆಕ್ಕವೂ ಹಾಗೆಯೇ. ವಾರ್ಷಿಕ ಮಹಾಸಭೆಗೆ ಬಂದು, ಪುಸ್ತಕಕ್ಕೆ ರುಜು ಹಾಕಿ, ಊಟ ಮಾಡಿ ಹೋಗುತ್ತೇವೆ. ನಗಬೇಡಿ, ನಾನೂ ಹಾಗೇ ಮಾಡಿದವನು. ಲ್ಯಾಕ್ಸ್‌ಟನ್ನಿನವರೂ ಊಟ ಮಾಡುತ್ತಾರೆ, ಆದರೆ ಹೊಲ ನೋಡಿ ಬಂದ ಮೇಲೆ.

ಅದಕ್ಕೆ ನನ್ನದೊಂದು ಕೋರಿಕೆ. ಪ್ರತಿ ವರ್ಷ ಮಹಾಸಭೆಗೆ ಒಂದು ವಾರ ಮೊದಲು, ಆಡಳಿತ ಮಂಡಳಿಯಲ್ಲಿ ಇಲ್ಲದ ಹನ್ನೆರಡು ಜನ ಸದಸ್ಯರು, ಹೆಂಗಸರೂ ಸೇರಿ, ಗೋಡೌನಿಗೆ ಹೋಗಿ ಚೀಲ ಎಣಿಸಲಿ, ಪುಸ್ತಕ ತೆಗೆದು ನೋಡಲಿ. ನೋಡಿದ್ದನ್ನು ಸಭೆಯಲ್ಲಿ ಎಲ್ಲರೆದುರು ಓದಲಿ. ಮರುವರ್ಷ ಬೇರೆ ಹನ್ನೆರಡು ಜನ. ಇದು ಯಾರ ಮೇಲೂ ಅನುಮಾನ ಪಟ್ಟು ಹೇಳುವ ಮಾತಲ್ಲ. ಅನುಮಾನಕ್ಕೆ ಜಾಗ ಇರಬಾರದು, ಅಣ್ಣತಮ್ಮಂದಿರು ಕೋರ್ಟು ಹತ್ತಬಾರದು ಅಂತ ಹೇಳುವ ಮಾತು. ಮೊದಲ ವರ್ಷದ ಹನ್ನೆರಡು ಜನರಲ್ಲಿ ನನ್ನ ಹೆಸರು ಬರೆದುಕೊಳ್ಳಿ. ಮಂಡಿ ನೋವಿದೆ, ಆದರೆ ಗೋಡೌನಿನವರೆಗೆ ನಡೆಯಬಲ್ಲೆ.

ಸಂಘ ಸುವರ್ಣ ಮಹೋತ್ಸವವನ್ನೂ ಆಚರಿಸಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.