ಮನೆಯಿಂದ ಕೆಲಸ: ಒಂದು ಸೆಲ್ಫಿ, ಪಕ್ಕದ ಓಣಿಯವರ ಗುಟ್ಟು

ಇವತ್ತು ನಾನು ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ. ಇಯರ್‌ಫೋನ್ ಇದ್ದರೆ ಹಾಕ್ಕೊಂಡು ಕೇಳಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ನಮ್ಮೂರು ಕಮಲಾಪುರ. ಹಂಪಿಗೆ ಬಂದೋರು ಮ್ಯೂಸಿಯಂ ನೋಡೋಕೆ ಇಳೀತಾರಲ್ಲ, ಅದೇ ಊರು. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್‌ಗೆ ಮೂರ್ನಾಲ್ಕು ದಿನ ಮುಂಚೆ, ಕಂಪನಿ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ಕೊಂಡು ಬೆಂಗಳೂರಿನಿಂದ ಬಂದೆ. ಸಾಲ ತಗೊಂಡವರ ದಾಖಲೆ ಪರಿಶೀಲಿಸೋದು ನನ್ನ ಕೆಲಸ. ಹೆಸರು, ಫೋನ್ ನಂಬರ್, ಪ್ಯಾನ್, ಎಷ್ಟು ಕಂತು ಬಾಕಿ, ಎಲ್ಲಾ ಸ್ಕ್ರೀನ್ ಮೇಲೆ ಇರುತ್ತೆ. ಬೆಂಗಳೂರಿನ ಆಫೀಸಿನಲ್ಲಿ ಒಳಗೆ ಹೋಗೋ ಮುಂಚೆ ಮೊಬೈಲ್ ಲಾಕರ್‌ನಲ್ಲಿ ಇಡಬೇಕಿತ್ತು. ಮನೇಲಿ ಯಾವ ಲಾಕರ್? ಪಡಸಾಲೆಯಲ್ಲಿ ಒಂದು ಟೇಬಲ್, ಪಕ್ಕದಲ್ಲಿ ಟಿವಿ, ಹಿಂದೆ ಅಡುಗೆಮನೆ.

ಒಂದಿನ ಅಕ್ಕನ ಮಗಳು ಬಂದು, "ಮಾಮ, ಈ ಕಡೆ ನೋಡು" ಅಂದಳು. ಸೆಲ್ಫಿ ತೆಗೆದಳು. "ನಮ್ ಮಾಮ ಡ್ಯೂಟಿ ಮೇಲೆ" ಅಂತ ಬರೆದು ಸ್ಟೇಟಸ್ ಹಾಕಿದಳು. ಮುಕ್ಕಾಲು ಗಂಟೆ ಆದಮೇಲೆ ನಾನು ನೋಡಿದೆ. ನನ್ನ ಭುಜದ ಹಿಂದೆ ಸ್ಕ್ರೀನ್ ಕಾಣ್ತಿತ್ತು. ಜೂಮ್ ಮಾಡಿದರೆ ಒಂದು ಹೆಸರು, ಮೂರು ಕಂತು ಬಾಕಿ. ಆ ಹೆಸರು ಎರಡು ಓಣಿ ಆಚೆ ಕಿರಾಣಿ ಅಂಗಡಿ ಇಟ್ಟಿರೋರದು.

ತಕ್ಷಣ ಡಿಲೀಟ್ ಮಾಡಿಸಿದೆ. ಯಾರೂ ನೋಡಿರಲ್ಲ ಅಂದ್ಕೊಂಡು ಕಂಪನಿಗೆ ಹೇಳಲಿಲ್ಲ. ಕೆಲಸ ಹೋಗುತ್ತೆ ಅನ್ನೋ ಭಯ. ಮಾರನೇ ದಿನ ಅವ್ವ ಹಿಟ್ಟಿನ ಗಿರಣಿಯಿಂದ ಬಂದವಳೇ, "ಅವರದು ಸಾಲ ಬಾಕಿ ಐತಂತಲ್ಲ, ಖರೇನಾ?" ಅಂತ ಕೇಳಿದಳು. ಆ ಮನೇಲಿ ಮಗಳಿಗೆ ಗಂಡು ನೋಡ್ತಿದ್ದರು. ಅವತ್ತು ನನಗೆ ಊಟ ಸೇರಲಿಲ್ಲ.

ಆಮೇಲೆ ಟೀಮ್ ಲೀಡ್‌ಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಲಿಖಿತ ಎಚ್ಚರಿಕೆ ಬಂತು, ಕೆಲಸ ಉಳೀತು. ಅವರು ಹೇಳಿದ ಮಾತು ಇದು: ತಪ್ಪು ಆದ ಕೂಡಲೇ ಹೇಳಿದ್ದರೆ ಆ ಗ್ರಾಹಕರಿಗೆ ನಾವೇ ಮೊದಲು ತಿಳಿಸಬಹುದಿತ್ತು. ಅವರಿಗೆ ಊರವರ ಬಾಯಿಂದ ಗೊತ್ತಾಯ್ತು.

ಮಾಹಿತಿ ಕದಿಯೋದು ಹ್ಯಾಕರ್ ಮಾತ್ರ ಅಂತ ನಾವು ಅಂದ್ಕೊಂಡಿರ್ತೀವಿ. ಮನೇಲಿ ಅದು ನಮ್ಮವರ ಪ್ರೀತಿಯಿಂದಲೇ ಸೋರಿ ಹೋಗುತ್ತೆ. ಬೆಂಗಳೂರಿನಲ್ಲಿ ಗ್ರಾಹಕ ಅಂದರೆ ಒಂದು ನಂಬರ್. ಸಣ್ಣ ಊರಲ್ಲಿ ಅವರಿಗೆ ಮುಖ ಇರುತ್ತೆ, ಮನೆತನ ಇರುತ್ತೆ.

ಈಗ ನಾನು ಏನು ಮಾಡ್ತೀನಿ ಕೇಳಿ. ಟೇಬಲ್ ತಿರುಗಿಸಿ, ಬೆನ್ನು ಗೋಡೆಗೆ ಕೊಟ್ಟು ಕೂರ್ತೀನಿ. ನೀರು ಕುಡಿಯೋಕೆ ಎದ್ದರೂ ವಿಂಡೋಸ್ ಕೀ ಜೊತೆ ಎಲ್ ಒತ್ತಿ ಸ್ಕ್ರೀನ್ ಲಾಕ್ ಮಾಡ್ತೀನಿ. ಸಿಗ್ನಲ್ ಸಿಗುತ್ತೆ ಅಂತ ಮಾಳಿಗೆ ಹತ್ತಿ ಜೋರಾಗಿ ಪ್ಯಾನ್ ನಂಬರ್ ಓದೋದು ಬಿಟ್ಟೆ. ಪಕ್ಕದ ಮಾಳಿಗೆಯಲ್ಲಿ ಸಂಡಿಗೆ ಒಣಗಿಸೋರಿಗೂ ಕಿವಿ ಇದಾವೆ. ಗ್ರಾಹಕರ ಮಾತು ಸ್ಪೀಕರ್‌ನಲ್ಲಿ ಹಾಕಲ್ಲ. ಇಯರ್‌ಫೋನ್ ಅಂದಿದ್ದು ಅದಕ್ಕೇ. ಆಫೀಸ್ ಫೈಲನ್ನ ಪ್ರಿಂಟ್‌ಗೆ ಅಂತ ಝೆರಾಕ್ಸ್ ಅಂಗಡಿಯ ವಾಟ್ಸಾಪ್‌ಗೆ ಕಳಿಸಲ್ಲ. ಕಳಿಸಿದ್ದು ಅವರ ಕಂಪ್ಯೂಟರ್‌ನಲ್ಲೇ ಉಳಿಯುತ್ತೆ. ಮಕ್ಕಳ ಪಾಠಕ್ಕೂ ಕಂಪನಿ ಲ್ಯಾಪ್‌ಟಾಪ್ ಕೊಡಲ್ಲ.

ಕಾನೂನೂ ಇದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಮಾಹಿತಿಗೆ ಸರಿಯಾದ ರಕ್ಷಣೆ ಕೊಡದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಇದೆ. ಆದರೆ ನನಗೆ ಬುದ್ಧಿ ಕಲಿಸಿದ್ದು ದಂಡ ಅಲ್ಲ. ಈಗಲೂ ಸಕ್ಕರೆ ತರೋಕೆ ಅದೇ ಅಂಗಡಿಗೆ ಹೋಗ್ತೀನಿ. ಮುಂಚೆ "ಏನಪಾ, ಆರಾಮಾ?" ಅಂತಿದ್ದರು. ಈಗ ತೂಗಿ ಕೊಡ್ತಾರೆ, ಅಷ್ಟೇ.

ಇವತ್ತು ರಾತ್ರಿ ನೀವು ಕೆಲಸ ಮಾಡೋ ಜಾಗದ ಹಿಂದೆ ನಿಂತು ಒಂದು ಫೋಟೊ ತೆಗೆದು ನೋಡಿ. ಏನೇನು ಕಾಣುತ್ತೆ ಅಂತ. ನೋಡಿದ ಮೇಲೆ ಡಿಲೀಟ್ ಮಾಡೋದು ಮರೀಬೇಡಿ. ಮತ್ತೆ ಸಿಗೋಣ.