ಸೊನ್ನಲಿಗೆಯ ತಾಯಿ ಜಯದೇವಿ ಲಿಗಾಡೆ



ಮಠದ ಉತ್ಸವಕಾಲದಲ್ಲಿ ಗುರುಪರಂಪರೆಯನ್ನು ಸ್ಮರಿಸುವುದು ಸಂಪ್ರದಾಯವಾಗಿದೆ. ಆ ಪರಂಪರೆಯನ್ನು ತಮ್ಮ ಮನೆಗಳಲ್ಲಿ ಅನ್ನವಿಕ್ಕಿ, ಹಾಡು ಹಾಡಿ, ಮಕ್ಕಳಿಗೆ ಕಲಿಸಿ ಕಾಪಾಡಿದ ಗೃಹಿಣಿಯರನ್ನು ಸ್ಮರಿಸುವುದೂ ಅಷ್ಟೇ ಯುಕ್ತವಾದುದು. ಅಂತಹ ಗೃಹಿಣಿಯರ ಸಾಲಿನಲ್ಲಿ ಸೊಲ್ಲಾಪುರದ ಜಯದೇವಿ ತಾಯಿ ಲಿಗಾಡೆಯವರ ಹೆಸರು ಪೂಜ್ಯವಾದುದು. ಸಂಸಾರ, ಶಿವಭಕ್ತಿ, ಸಮಾಜಸೇವೆ ಎಂಬ ಮೂರನ್ನೂ ಅವರು ಒಂದೇ ಬಾಳಿನಲ್ಲಿ ಹೇಗೆ ಕೂಡಿಸಿದರೆಂಬುದೇ ಇಂದಿನ ಚಿಂತನದ ವಿಷಯವಾಗಿದೆ.

ಅವರು 1912ನೆಯ ಇಸವಿ ಜೂನ್ 23ರಂದು ಸೊಲ್ಲಾಪುರದ ಸಿರಿವಂತ ಮನೆತನದಲ್ಲಿ ಜನಿಸಿದರು. ತಂದೆ ಚೆನ್ನಬಸಪ್ಪ ಮಡಕಿಯವರು, ತಾಯಿ ಸಂಗವ್ವನವರು. ಸೊಲ್ಲಾಪುರವು ಶರಣ ಸಿದ್ಧರಾಮೇಶ್ವರರ ಸೊನ್ನಲಿಗೆ. ಅದೇ ಊರು ಬಟ್ಟೆಯ ಗಿರಣಿಗಳ ಊರೂ ಹೌದು. ಕನ್ನಡ, ಮರಾಠಿ, ತೆಲುಗು ಮೂರು ನುಡಿಗಳ ಜನರು ಅಲ್ಲಿ ಕೂಡಿ ದುಡಿದರು. ಆದರೆ ಶಾಲೆಯ ನುಡಿ ಮರಾಠಿಯಾಗಿದ್ದಿತು. ಮನೆಯಲ್ಲಿ ಕನ್ನಡವಾಡುತ್ತಿದ್ದ ಬಾಲಕಿ ಜಯದೇವಿಯೂ ಅಕ್ಷರ ಕಲಿತದ್ದು ಮರಾಠಿಯಲ್ಲಿಯೇ. ತನ್ನ ಕುಲದೈವವು ಯಾವ ನುಡಿಯಲ್ಲಿ ವಚನಗಳನ್ನು ಹೇಳಿತೋ ಆ ನುಡಿಯ ಲಿಪಿಯನ್ನು ಓದಲಾಗದ ಸ್ಥಿತಿ ಆ ಕಾಲದ ಸೊಲ್ಲಾಪುರದ ಅನೇಕ ಶರಣಮನೆಗಳಲ್ಲಿ ಇದ್ದಿತು.

ಅಂದಿನ ಪದ್ಧತಿಯಂತೆ ಎಳೆಯ ವಯಸ್ಸಿನಲ್ಲಿಯೇ ಚನ್ನಮಲ್ಲಪ್ಪ ಲಿಗಾಡೆಯವರೊಡನೆ ಅವರ ವಿವಾಹವಾಯಿತು. ತುಂಬಿದ ಸಂಸಾರದ ಹೊಣೆ ಹೆಗಲೇರಿತು. ಆ ಹೊಣೆಯ ನಡುವೆಯೇ ಅವರು ಕನ್ನಡವನ್ನು ಕಲಿತು, ವಚನಸಾಹಿತ್ಯವನ್ನು ಅಭ್ಯಸಿಸಿದರು. ಗುರುಕುಲವಿಲ್ಲ, ಪದವಿಯಿಲ್ಲ, ಗೃಹಕೃತ್ಯದ ಎಡೆಯಲ್ಲಿ ದೊರೆತ ಬಿಡುವೇ ಅವರ ಪಾಠದ ಹೊತ್ತು. ಕಲಿತದ್ದನ್ನು ತಮ್ಮೊಬ್ಬರ ಸೊತ್ತಾಗಿ ಇಟ್ಟುಕೊಳ್ಳಲಿಲ್ಲ. ಸೊಲ್ಲಾಪುರದ ಕನ್ನಡ ಮಕ್ಕಳಿಗೂ ಹೆಂಗಳೆಯರಿಗೂ ಅಕ್ಷರ ಕಲಿಸುವ ಕಾರ್ಯಕ್ಕೆ ಮನೆಯ ಧನವನ್ನೂ ತಮ್ಮ ದೇಹಶ್ರಮವನ್ನೂ ವಿನಿಯೋಗಿಸಿದರು. ಧನವಂತರು ದಾನ ಮಾಡುವುದುಂಟು. ಆದರೆ ಧನವಿತ್ತವರೇ ಎದುರಿಗೆ ಕುಳಿತು ಮಗುವಿನ ಬೆರಳು ಹಿಡಿದು ತಿದ್ದಿಸುವುದು ವಿರಳ. ಶರಣರು ದಾನಕ್ಕಿಂತ ದಾಸೋಹವನ್ನು ಮೇಲಾಗಿ ಎಣಿಸಿದ್ದರ ಮರ್ಮವು ಇದೇ.

ಅವರಿಗೆ ಸಂದ ‘ತಾಯಿ’ ಎಂಬ ಹೆಸರಿನಲ್ಲಿಯೂ ಒಂದು ಸ್ವಾರಸ್ಯವಿದೆ. ಮರಾಠಿಯಲ್ಲಿ ‘ತಾಈ’ ಎಂದರೆ ಅಕ್ಕ. ಕನ್ನಡದಲ್ಲಿ ತಾಯಿ ಎಂದರೆ ಹೆತ್ತವಳು. ಒಂದು ನುಡಿಯವರಿಗೆ ಅಕ್ಕನಾಗಿ, ಇನ್ನೊಂದು ನುಡಿಯವರಿಗೆ ತಾಯಾಗಿ ಅವರು ಬಾಳಿದರು. ಕನ್ನಡಕ್ಕಾಗಿ ಹೋರಾಡಿದರೂ ಮರಾಠಿಯನ್ನು ದ್ವೇಷಿಸಲಿಲ್ಲ. ಶರಣರ ತತ್ತ್ವವನ್ನು ಮರಾಠಿಯಲ್ಲಿ ಬರೆದು, ನೆರೆಯವರ ಮನೆಗೂ ಮುಟ್ಟಿಸಿದರು.

ಕನ್ನಡದಲ್ಲಿ ‘ಜಯಗೀತೆ’, ‘ತಾಯಿಯ ಪದಗಳು’, ‘ತಾರಕ ತಂಬೂರಿ’ ಮೊದಲಾದ ಕೃತಿಗಳು ಅವರಿಂದ ಬಂದವು. ಇವೆಲ್ಲಕ್ಕೂ ಕಲಶಪ್ರಾಯವಾದುದು ‘ಶ್ರೀ ಸಿದ್ಧರಾಮ ಪುರಾಣ’. ಅದು ನಾಲ್ಕು ಸಾವಿರಕ್ಕೂ ಮಿಕ್ಕಿದ ತ್ರಿಪದಿಗಳ ಮಹಾಕೃತಿ. ತ್ರಿಪದಿಯು ಪಂಡಿತರ ಛಂದಸ್ಸಿಗಿಂತ ಮೊದಲು ಹೆಂಗಸರ ಛಂದಸ್ಸು. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿಯಲ್ಲಿ ಹುಟ್ಟಿ ಬೆಳೆದದ್ದು. ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿ ಸಕಲ ಜೀವಿಗಳಿಗೆ ನೀರುಣಿಸಿದ ಕಾಯಕಯೋಗಿಗಳು. ಅವರ ಚರಿತ್ರೆಯು ಓದುಬಾರದವಳ ಕೊರಳಿಗೂ ಒಗ್ಗುವ ಧಾಟಿಯಲ್ಲಿ ಮೂಡಿತು. ಅಡಿಗೆಮನೆಯ ಹಾಡು, ಪೂಜೆಯ ಪುರಾಣ, ಊರಿನ ಸೇವೆ ಮೂರೂ ಅಲ್ಲಿ ಒಂದಾದುವು.

ಇಂತಹ ಬಾಳಿಗೂ ಒಂದು ದೊಡ್ಡ ನೋವು ಕಾದಿದ್ದಿತು. ಕರ್ನಾಟಕದ ಏಕೀಕರಣಕ್ಕಾಗಿ ಅವರು ಮನಃಪೂರ್ವಕವಾಗಿ ದುಡಿದರು; ಸೊಲ್ಲಾಪುರವೂ ಕನ್ನಡನಾಡನ್ನು ಸೇರಬೇಕೆಂಬುದು ಅವರ ಹಂಬಲ. 1956ನೆಯ ನವೆಂಬರ್ 1ರಂದು ಕನ್ನಡಿಗರ ರಾಜ್ಯವು ಉದಯಿಸಿದಾಗ ಸೊಲ್ಲಾಪುರವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ನಾಡೆಲ್ಲ ಹಬ್ಬ ಮಾಡಿದ ದಿನ ತನ್ನೂರು ಹೊಸ್ತಿಲಾಚೆ ನಿಂತರೆ ದುಡಿದವರ ಕೈ ಸೋಲುವುದು ಸಹಜ. ತಾಯಿಯವರ ಕೈ ಸೋಲಲಿಲ್ಲ. ಸರಕಾರದ ಗೆರೆಯು ನೆಲವನ್ನು ವಿಭಾಗಿಸಬಲ್ಲದು. ಮಗುವಿಗೆ ಕಲಿಸಿದ ಅಕ್ಷರವನ್ನು ಯಾವ ಗೆರೆಯೂ ಹಿಂದಕ್ಕೆ ಪಡೆಯಲಾರದು. ಕಾಯಕವು ಫಲವನ್ನು ನೆಚ್ಚಿ ನಿಂತಿದ್ದರೆ ಅಂದೇ ಮುಗಿಯುತ್ತಿದ್ದಿತು. ಭಕ್ತಿಯನ್ನು ನೆಚ್ಚಿದ್ದರಿಂದ ಮುಂದುವರಿಯಿತು.

1974ರಲ್ಲಿ ಮಂಡ್ಯದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1915ರಲ್ಲಿ ಆರಂಭವಾದ ಆ ಸಮ್ಮೇಳನಗಳ ಪೀಠವನ್ನು ಸ್ತ್ರೀಯೊಬ್ಬರು ಅಲಂಕರಿಸಿದುದು ಅದೇ ಮೊದಲು. ಕನ್ನಡ ಶಾಲೆಯನ್ನು ಕಾಣದೆ ಬೆಳೆದ, ರಾಜ್ಯದ ಎಲ್ಲೆಯ ಹೊರಗಿನ ಗೃಹಿಣಿಗೆ ನಾಡು ಆ ಗೌರವವನ್ನು ಸಲ್ಲಿಸಿತು. ಕಡೆಯ ಕಾಲವನ್ನು ಅವರು ಶರಣರ ಪುಣ್ಯಭೂಮಿಯಾದ ಬಸವಕಲ್ಯಾಣದಲ್ಲಿ ಕಳೆದು, 1986ರಲ್ಲಿ ಲಿಂಗೈಕ್ಯರಾದರು.

ಈ ಸ್ಮರಣೆಯು ನಾಗಸಂದ್ರದಂತಹ ಊರಿಗೆ ವಿಶೇಷವಾಗಿ ಒಪ್ಪುವುದು. ಅಂದು ಸೊಲ್ಲಾಪುರವು ಗಿರಣಿಗಳ ಊರಾಗಿದ್ದಂತೆ, ಪೀಣ್ಯದ ಕಾರ್ಖಾನೆಗಳ ಮಗ್ಗುಲಲ್ಲಿರುವ ನಾಗಸಂದ್ರವೂ ದುಡಿಯುವವರ ಊರು. ತುಮಕೂರಿನ ಹೆದ್ದಾರಿಯನ್ನು ಹಿಡಿದು ಬಂದ ಸಂಸಾರಗಳೂ ದೂರದ ಉತ್ತರ ಜಿಲ್ಲೆಗಳಿಂದ ಬಂದ ಸಂಸಾರಗಳೂ ಇಲ್ಲಿ ನೆಲೆಸಿವೆ; ಹಲವು ನುಡಿಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಇಲ್ಲಿಯೂ ಎಷ್ಟೋ ಮಕ್ಕಳ ಶಾಲೆಯ ನುಡಿ ಒಂದು, ತಾಯಿಯ ನುಡಿ ಇನ್ನೊಂದು. ವಚನವನ್ನು ಕೇಳಿ ಬಲ್ಲ, ಓದಲರಿಯದ ಮಗು ಇಂದಿನ ಮನೆಗಳಲ್ಲಿಯೂ ಇದೆ.

ಹಾಗೆಂದು ಎಲ್ಲ ಭಾರವನ್ನೂ ಹೆಣ್ಣುಮಕ್ಕಳ ಮೇಲೆಯೇ ಹೊರಿಸುವುದು ಧರ್ಮವಲ್ಲ. ಲಿಗಾಡೆಯವರ ಮನೆಯಲ್ಲಿ ಸಿರಿಯಿದ್ದಿತು. ಬೆಳಗಿನಿಂದ ಸಂಜೆಯವರೆಗೆ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಯ ಯಂತ್ರದ ಮುಂದೆ ಕುಳಿತು ಬರುವ ತಾಯಿಗೆ ಆ ಬಿಡುವು ಎಲ್ಲಿಯದು? ಅವಳಿಗಿಲ್ಲದ ಬಿಡುವನ್ನು ಗಂಡಸರೂ, ನಿವೃತ್ತರಾದ ಹಿರಿಯರೂ, ಓದುಬಲ್ಲ ತರುಣರೂ ತಮ್ಮ ಹೊತ್ತಿನಿಂದ ತುಂಬಿಕೊಡಬೇಕು. ಸಂಜೆಗೊಂದು ಗಳಿಗೆ, ನಾಲ್ಕು ಮಕ್ಕಳು, ಒಂದು ಹಲಗೆ ಇಷ್ಟಿದ್ದರೆ ಸಾಕು. ಯಾವ ಜಗಲಿಯೂ ಪಾಠಶಾಲೆಯಾಗಬಲ್ಲದು.

ಮಹಾತ್ಮರಿಗೆ ಹೂಮಾಲೆ ಹಾಕುವುದು ಸುಲಭ. ಜಯದೇವಿ ತಾಯಿಯವರಿಗೆ ಸಲ್ಲುವ ಮಾಲೆ ಅಕ್ಷರಮಾಲೆ. ಆ ಮಾಲೆಯನ್ನು ಕಟ್ಟುವ ಸದ್ಬುದ್ಧಿಯನ್ನು ಬಸವಾದಿ ಪ್ರಮಥರು ಸರ್ವರಿಗೂ ಕರುಣಿಸಲಿ.