ಬೀಗ ಹಾಕಿದ್ದೇವೆ ಎಂಬ ನಂಬಿಕೆ

(ಪ್ರೌಢಶಾಲಾ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಜಾತ್ರೆಯಲ್ಲೋ ಉರೂಸಿನಲ್ಲೋ ಪೊಲೀಸರ ಕೈಯಲ್ಲಿ ಗೊರಗೊರ ಸದ್ದು ಮಾಡುವ ವಾಕಿಟಾಕಿಯನ್ನು ನೀವೆಲ್ಲ ನೋಡಿದ್ದೀರಿ. ಅದರಲ್ಲಿ ಆಡಿದ ಮಾತು ಯಾರಿಗೆಲ್ಲ ಕೇಳಿಸುತ್ತದೆಂದು ಯೋಚಿಸಿದ್ದೀರಾ?

ವೃತ್ತಿಪರರು ಬಳಸುವ ಹೊಸ ಸೆಟ್ಟು ಖಾಲಿ ಸ್ಲೇಟಿನಂತೆ. ಅದನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ ಚಾನೆಲ್‌ಗಳನ್ನು ತುಂಬಬೇಕು. ಯಾವ ಫ್ರೀಕ್ವೆನ್ಸಿಯಲ್ಲಿ ಕಳುಹಿಸಬೇಕು, ಯಾವುದರಲ್ಲಿ ಕೇಳಬೇಕು, ಯಾವ ಗುಂಪಿನೊಡನೆ ಮಾತಾಡಬೇಕು ಎಂಬ ವಿವರಗಳ ಈ ಕಡತಕ್ಕೆ 'ಕೋಡ್‌ಪ್ಲಗ್' ಎನ್ನುತ್ತಾರೆ. ಒಂದು ಅಂಕಿ ತಪ್ಪಿದರೂ ಸೆಟ್ಟು ಮೂಕವಾದೀತು.

ಇಲ್ಲಿ ಅನೇಕರು ತಪ್ಪು ತಿಳಿಯುವುದುಂಟು. ಮಾತಿನ ಜೊತೆ 'ಟೋನ್' ಎಂಬ ಸಣ್ಣ ಸ್ವರ ಸೇರಿಸುವುದುಂಟು; ಟೋನ್ ಇಟ್ಟುಕೊಂಡ ಸೆಟ್ಟುಗಳು ಅದೇ ಟೋನ್ ಬಂದಾಗ ಮಾತ್ರ ಬಾಯಿ ಬಿಡುತ್ತವೆ. ಆದರೆ ಟೋನ್ ಪರರ ಮಾತು ನಮಗೆ ಕೇಳಿಸದಂತೆ ತಡೆಯುತ್ತದೆಯೇ ಹೊರತು, ನಮ್ಮ ಮಾತು ಪರರಿಗೆ ಕೇಳಿಸದಂತೆ ತಡೆಯುವುದಿಲ್ಲ. ಡಿಜಿಟಲ್ ಎಂದ ಮಾತ್ರಕ್ಕೂ ಮಾತು ಗುಟ್ಟಾಗುವುದಿಲ್ಲ.

ನಿಜವಾದ ಗುಟ್ಟಿಗೆ ಗೂಢಲಿಪಿ ಬೇಕು. ಧ್ವನಿಯನ್ನು ಅಂಕಿಗಳಾಗಿಸಿ, ಅವನ್ನು ಒಂದು ಕೀಲಿಯಿಂದ ಕಲಸಿಬಿಡುತ್ತಾರೆ. ಅದೇ ಕೀಲಿಯುಳ್ಳ ಸೆಟ್ಟು ಮಾತ್ರ ಅದನ್ನು ಬಿಡಿಸಬಲ್ಲದು. ಎಇಎಸ್-256 ವಿಧಾನದಲ್ಲಿ ಸಾಧ್ಯವಿರುವ ಕೀಲಿಗಳ ಸಂಖ್ಯೆಯನ್ನು ಬರೆಯಲು 78 ಅಂಕಿಗಳು ಬೇಕು!

ಬೀಗ ಗಟ್ಟಿಯಾದರೆ ಸಾಕೇ? ಸಾಲದು. 2011ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯಾಟ್ ಬ್ಲೇಜ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿನ ಕೇಂದ್ರ ತನಿಖಾ ಸಿಬ್ಬಂದಿ 'ಪಿ25' ಸೆಟ್ಟುಗಳಲ್ಲಿ ಗುಟ್ಟೆಂದು ನಂಬಿ ಆಡಿದ ಎಷ್ಟೋ ಮಾತುಗಳು ಬಯಲಲ್ಲೇ ಹೋಗುತ್ತಿದ್ದವು. ಪೊಲೀಸರಿಗೆ ಸುಳಿವು ಕೊಟ್ಟವರ ಹೆಸರುಗಳೂ ಅದರಲ್ಲಿದ್ದವು. ಒಂದು ಹೆಸರು ಹೊರಬಿದ್ದರೆ ಒಂದು ಜೀವಕ್ಕೆ ಕುತ್ತು. ಗೂಢಲಿಪಿಯನ್ನು ಯಾರೂ ಮುರಿದಿರಲಿಲ್ಲ. ಗುಂಡಿ ಯಾವ ಕಡೆಗಿದೆಯೆಂದು ಸುಲಭವಾಗಿ ತಿಳಿಯುತ್ತಿರಲಿಲ್ಲ. ಗುಪ್ತಸ್ಥಿತಿಯಲ್ಲಿಟ್ಟ ಸೆಟ್ಟಿಗೂ ಬಯಲು ಮಾತು ಕೇಳಿಸುತ್ತಿದ್ದುದರಿಂದ ತಪ್ಪು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಒಬ್ಬನ ಬಳಿ ಹೊಸ ಕೀಲಿ ಇಲ್ಲದಿದ್ದರೆ, ಅವನಿಗಾಗಿ ಎಲ್ಲರೂ ಬಯಲಿಗೆ ಬರುತ್ತಿದ್ದರು.

ಇನ್ನೊಂದು ಉದಾಹರಣೆ ಯುರೋಪಿನದು. ಅಲ್ಲಿ ರೂಪುಗೊಂಡ 'ಟೆಟ್ರಾ' ರೇಡಿಯೋಗಳ ಗೂಢವಿಧಾನಗಳನ್ನು 1990ರ ದಶಕದಿಂದಲೂ ಮುಚ್ಚಿಡಲಾಗಿತ್ತು. 2023ರಲ್ಲಿ ನೆದರ್‌ಲ್ಯಾಂಡ್ಸ್‌ನ ಮಿಡ್‌ನೈಟ್ ಬ್ಲೂ ಸಂಸ್ಥೆಯ ಸಂಶೋಧಕರು ಅವನ್ನು ಬಿಚ್ಚಿ ನೋಡಿದರು. 'ಟಿಇಎ1' ಎಂಬ ವಿಧಾನದ ಕೀಲಿ ಹೇಳಿಕೆಗೆ 80 ಬಿಟ್. ಒಳಗೆ ಅದು ಕೇವಲ 32 ಬಿಟ್‌ಗೆ ಕುಗ್ಗುತ್ತಿತ್ತು. ಅಂದರೆ ಸುಮಾರು 430 ಕೋಟಿ ಕೀಲಿಗಳು. ನಮಗೆ ಇದು ದೊಡ್ಡ ಸಂಖ್ಯೆ; ಕಂಪ್ಯೂಟರಿಗೆ ಅಲ್ಲ. ಅದೇ ವರ್ಷ ಯುರೋಪಿನ ಮಾನಕ ಸಂಸ್ಥೆ ಎಟ್ಸಿ ಈ ವಿಧಾನಗಳನ್ನು ಬಹಿರಂಗಪಡಿಸಲು ತೀರ್ಮಾನಿಸಿತು.

ವಿಧಾನ ಶತ್ರುವಿಗೆ ತಿಳಿದರೂ ತೊಂದರೆಯಾಗಬಾರದು, ಕೀಲಿಯೊಂದೇ ಗುಟ್ಟಾಗಿರಬೇಕೆಂದು 1883ರಲ್ಲೇ ಹೇಳಿದವರು ಆಗಸ್ಟ್ ಕೆರ್ಕ್‌ಹಾಫ್ಸ್. ಅವರು ಎಂಜಿನಿಯರ್ ಅಲ್ಲ, ಭಾಷಾ ಅಧ್ಯಾಪಕರು!

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಪೊಲೀಸ್ ಅಥವಾ ಅಗ್ನಿಶಾಮಕ ಇಲಾಖೆಯಲ್ಲಿ ಇಂಥ ಸೆಟ್ಟು ಹಿಡಿಯಬಹುದು. ಆಗ ಒಂದು ಸರಳ ಪರೀಕ್ಷೆ ಮಾಡಿರಿ. ಕೀಲಿ ಹಾಕದ ಸೆಟ್ಟೊಂದನ್ನು ಅದೇ ಚಾನೆಲ್‌ನಲ್ಲಿ ಪಕ್ಕಕ್ಕಿಟ್ಟು ಮಾತಾಡಿರಿ. ಅದರಲ್ಲಿ ನಿಮ್ಮ ಮಾತು ಅರ್ಥವಾದರೆ ಬಾಗಿಲು ತೆರೆದೇ ಇದೆ. ಬೀಗ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡುವ ಅಭ್ಯಾಸ ನಮ್ಮ ಮನೆಯ ಹಿರಿಯರದು. ಆ ಅಭ್ಯಾಸ ಇಲ್ಲಿಯೂ ಇರಲಿ.